ತಿರುಗುತ್ತದೆ, ಬಿಸಿಯಾಗುವುದಿಲ್ಲ: ಮಂಗಳೂರಿನ ಒಂದು ಡ್ರೈಯರ್ ಪ್ರಕರಣ

ಎರಡು ವಾರದೊಳಗೆ ಬಟ್ಟೆ ಒಣಗಿಸುವ ಒಂದೇ ಡ್ರೈಯರ್ ಎರಡು ಸಲ ಕೈಕೊಟ್ಟಿತು. ಎರಡು ಸಲವೂ ಲಕ್ಷಣ ಒಂದೇ: ಡ್ರಮ್ ತಿರುಗುತ್ತದೆ, ಫ್ಯಾನ್ ಊದುತ್ತದೆ, ಬಿಸಿ ಮಾತ್ರ ಇಲ್ಲ. ಮೊದಲ ಸಲ ಥರ್ಮೋಸ್ಟಾಟ್, ಅಂದರೆ ಬಿಸಿ ಹೆಚ್ಚಾದರೆ ಕರೆಂಟು ಕತ್ತರಿಸುವ ಸ್ವಿಚ್, ಬದಲಾಯಿಸಿದರು. ಎರಡನೆಯ ಸಲ ಮನೆಯವರು "ಆ ಹೊಸ ಥರ್ಮೋಸ್ಟಾಟೇ ಡೂಪ್ಲಿಕೇಟ್ ಇರಬೇಕು" ಎಂದುಕೊಂಡರು. ಅದು ಡೂಪ್ಲಿಕೇಟ್ ಆಗಿರಲಿಲ್ಲ. ಯಂತ್ರದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳಿದ್ದವು, ಮೊದಲ ರಿಪೇರಿ ಮೂರನೆಯದೊಂದನ್ನು ಸೇರಿಸಿತ್ತು. ಮನೆ, ಮೆಕ್ಯಾನಿಕ್, ಕಂಪನಿ ಯಾರ ಗುರುತನ್ನೂ ಇಲ್ಲಿ ಹೇಳಿಲ್ಲ.

ಹಿನ್ನೆಲೆ

ಮಂಗಳೂರಿನ ಒಂದು ಅಪಾರ್ಟ್‌ಮೆಂಟ್, ಕಡಲಿನಿಂದ ಎರಡು ಕಿಲೋಮೀಟರಿನೊಳಗೆ. ಮನೆಯಲ್ಲಿ ಐದು ಜನ, ಅದರಲ್ಲಿ ಎಂಟು ತಿಂಗಳ ಒಂದು ಮಗು. ಡ್ರೈಯರ್ ಏಳು ವರ್ಷ ಹಳೆಯದು: 6 ಕಿಲೋದ್ದು, ಬಿಸಿ ಗಾಳಿಯನ್ನು ಪೈಪಿನ ಮೂಲಕ ಹೊರಗೆ ಬಿಡುವ ವೆಂಟೆಡ್ ಮಾದರಿ, 230 ವೋಲ್ಟ್, 2000 ವ್ಯಾಟಿನ ಹೀಟರ್, ತಿರುಗಿಸುವ ಟೈಮರ್. ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲ. ಇಂಥ ಸರಳ ಯಂತ್ರಗಳ ಒಳ್ಳೆಯ ಗುಣ ಏನೆಂದರೆ ಮಲ್ಟಿಮೀಟರ್ ಒಂದಿದ್ದರೆ ಎಲ್ಲವನ್ನೂ ಅಳೆದು ನೋಡಬಹುದು.

ನವೆಂಬರಿನಿಂದ ಮೇ ತನಕ ಬಟ್ಟೆ ಟೆರೇಸಿನ ಹಗ್ಗದ ಮೇಲೆ ಒಣಗುತ್ತದೆ, ಡ್ರೈಯರ್ ಯುಟಿಲಿಟಿಯಲ್ಲಿ ಕವರ್ ಹೊದ್ದು ಕೂತಿರುತ್ತದೆ. ಜೂನ್ ಹಿಡಿದ ಮೇಲೆ ದಿನಕ್ಕೆ ಒಂದು ಸಲ, ಮಗು ಬಂದ ಮೇಲೆ ಕೆಲವೊಮ್ಮೆ ಎರಡು ಸಲ ಓಡುತ್ತದೆ. ವರ್ಷದಲ್ಲಿ ಏಳು ತಿಂಗಳು ಯಂತ್ರ ಮುಟ್ಟದೆ ಇರುವುದು ಈ ಪ್ರಕರಣದಲ್ಲಿ ಮುಖ್ಯವಾದ ಸಂಗತಿ. ಆದರೆ ಅದನ್ನು ಮೊದಲಿಗೆ ಯಾರೂ ಗಣನೆಗೆ ತೆಗೆದುಕೊಳ್ಳಲಿಲ್ಲ.

ಹಿಂದಿನ ಡಿಸೆಂಬರಿನಲ್ಲಿ ಯುಟಿಲಿಟಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿದ್ದರು. ಮೊದಲು ಡ್ರೈಯರಿನ ಪೈಪು ಒಂದೂಕಾಲು ಮೀಟರ್ ಹೋಗಿ ಗ್ರಿಲ್ಲಿನ ಸಂದಿಯಿಂದ ನೇರ ಹೊರಗೆ ಬಾಯಿ ಬಿಡುತ್ತಿತ್ತು. ಸ್ಲೈಡಿಂಗ್ ಬಂದ ಮೇಲೆ ಆ ಸಂದಿ ಮುಚ್ಚಿತು. ಕೆಲಸದವರು ಪೈಪಿಗೆ ಇನ್ನಷ್ಟು ಪೈಪು ಜೋಡಿಸಿ, ಮೂಲೆ ಸುತ್ತಿಸಿ, ಬಚ್ಚಲಿನ ವೆಂಟಿಲೇಟರಿನ ಪಕ್ಕದ ತೂತಿಗೆ ಮುಟ್ಟಿಸಿದರು. ಒಟ್ಟು ನಾಲ್ಕೂವರೆ ಮೀಟರ್, ಎರಡು ತಿರುವು, ನಡುವೆ ಜೋತುಬಿದ್ದ ಒಂದು ಹೊಟ್ಟೆ. ತುದಿಗೆ ಸೊಳ್ಳೆ ಜಾಲರಿ ಬಿಗಿದರು. ಮಲೇರಿಯಾ ಕಂಡ ಊರಿನಲ್ಲಿ ತೂತು ಕಂಡಲ್ಲಿ ಜಾಲರಿ ಬಿಗಿಯುವುದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ.

ನಿಧಾನವಾದದ್ದು

ಜೂನ್ ಮೊದಲ ವಾರದಿಂದಲೇ ಡ್ರೈಯರ್ ನಿಧಾನವಾಗಿತ್ತು. ಹಿಂದಿನ ವರ್ಷ ಮೂರು ಕಿಲೋ ಹತ್ತಿ ಬಟ್ಟೆಗೆ ಒಂದು ಗಂಟೆ ಸಾಕಿತ್ತು. ಈಗ ಮೂರು ಗಂಟೆ ಕಳೆದರೂ ಬೈರಾಸಿನ ಅಂಚು ತೇವ, ಮಗುವಿನ ಬಟ್ಟೆಗೆ ಮುಗ್ಗಲು ವಾಸನೆ. "ಮಳೆಗಾಲ ಅಲ್ವಾ, ಗಾಳಿಯಲ್ಲೇ ನೀರುಂಟು" ಎಂದು ಮನೆಯಲ್ಲಿ ಸಮಾಧಾನ ಮಾಡಿಕೊಂಡರು.

ಈ ಸಮಾಧಾನ ಕೇಳಲು ಸರಿ, ಲೆಕ್ಕಕ್ಕೆ ನಿಲ್ಲುವುದಿಲ್ಲ. ಕರಾವಳಿಯ ಮಳೆಗಾಲದ 27 ಡಿಗ್ರಿಯ, ಶೇ. 90 ತೇವಾಂಶದ ಗಾಳಿಯನ್ನು 65 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಶೇ. 13ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ ಇರುತ್ತದೆ, ನೀರು ಹೀರುವ ಶಕ್ತಿ ಮಾತ್ರ ಹತ್ತಾರು ಪಟ್ಟು ಹೆಚ್ಚುತ್ತದೆ. ಹೀಟರ್ ಸರಿಯಿದ್ದು ಗಾಳಿ ಹರಿದರೆ ಮಳೆಗಾಲದಿಂದ ಹತ್ತಿಪ್ಪತ್ತು ನಿಮಿಷ ಹೆಚ್ಚು ಹಿಡಿಯಬಹುದು, ಎರಡು ಗಂಟೆ ಅಲ್ಲ.

ಇನ್ನೊಂದು ಲೆಕ್ಕವೂ ಉಂಟು. ವಾಷಿಂಗ್ ಮೆಷಿನ್ ಚೆನ್ನಾಗಿ ಹಿಂಡಿದ ಮೂರು ಕಿಲೋ ಹತ್ತಿ ಬಟ್ಟೆಯಲ್ಲಿ ಒಂದು ಮುಕ್ಕಾಲು ಲೀಟರಿನಷ್ಟು ನೀರು ಉಳಿದಿರುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಹೆಚ್ಚುಕಡಿಮೆ 0.67 ಯೂನಿಟ್ ಬೇಕು. ಅಂದರೆ 1.2 ಯೂನಿಟ್. 2000 ವ್ಯಾಟಿನ ಹೀಟರ್ ಎಡೆಬಿಡದೆ ಉರಿದರೆ ಇದಕ್ಕೆ 36 ನಿಮಿಷ. ಡ್ರಮ್ಮು, ಬಟ್ಟೆ ಬಿಸಿಯಾಗುವುದು, ಹೊರಗೆ ಹೋಗುವ ಬಿಸಿ ಎಲ್ಲ ಸೇರಿ ಒಂದು ಗಂಟೆ. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿಯುತ್ತಿದ್ದರೆ ಹೀಟರ್ ಮೂರನೆಯ ಒಂದು ಪಾಲು ಹೊತ್ತು ಮಾತ್ರ ಉರಿಯುತ್ತಿದೆ ಎಂದರ್ಥ. ಯಾವುದೋ ಒಂದು ಸ್ವಿಚ್ ಅದನ್ನು ಆಗಾಗ ತಡೆಯುತ್ತಿದೆ. ಯಾವುದು, ಏಕೆ ಎಂಬ ಪ್ರಶ್ನೆ ಜೂನ್ ಮೊದಲ ವಾರದಲ್ಲೇ ಏಳಬೇಕಿತ್ತು. ಡ್ರೈಯರ್ ಪೂರ್ತಿ ತಣ್ಣಗಾಗುವ ತನಕ ಯಾರೂ ಕೇಳಲಿಲ್ಲ.

ಹೀಟರಿನ ದಾರಿಯಲ್ಲಿ ಮೂರು ಕಾವಲು

ಮುಂದಿನದು ಅರ್ಥವಾಗಲು ಇದಿಷ್ಟು ಬೇಕು. ಈ ಯಂತ್ರದಲ್ಲಿ ಹೀಟರಿಗೆ ಹೋಗುವ ಕರೆಂಟು ಒಂದರ ಹಿಂದೊಂದು ಮೂರು ಕಾವಲು ದಾಟಬೇಕು. ಮೊದಲನೆಯದು ಫ್ಯಾನಿನ ಗೂಡಿನ ಮೇಲೆ, ಬಟ್ಟೆ ದಾಟಿ ಹೊರಗೆ ಹೋಗುವ ಗಾಳಿಯ ದಾರಿಯಲ್ಲಿ ಕೂತ 65 ಡಿಗ್ರಿಯ ಥರ್ಮೋಸ್ಟಾಟ್. ದಿನನಿತ್ಯದ ಕೆಲಸ ಇದರದ್ದೇ: ಗಾಳಿ 65ಕ್ಕೆ ಮುಟ್ಟಿದರೆ ಕತ್ತರಿಸುತ್ತದೆ, ತಣಿದರೆ ಮತ್ತೆ ಕೊಡುತ್ತದೆ. ಎರಡನೆಯದು ಹೀಟರಿನ ಪೆಟ್ಟಿಗೆಯ ಮೇಲಿನ 120 ಡಿಗ್ರಿಯದು. ಎಲ್ಲ ಸರಿಯಿದ್ದರೆ ಇದು ವರ್ಷಗಟ್ಟಲೆ ಅಲ್ಲಾಡುವುದೇ ಇಲ್ಲ. ಮೂರನೆಯದು ಅದೇ ಪೆಟ್ಟಿಗೆಯ ಮೇಲಿನ, ಅತಿಯಾದ ಬಿಸಿಗೆ ಕಡಿದುಹೋಗುವ ಥರ್ಮಲ್ ಫ್ಯೂಸ್. ಒಮ್ಮೆ ಹೋದರೆ ಹೋಯಿತು, ಹೊಸದನ್ನೇ ಹಾಕಬೇಕು.

ಥರ್ಮೋಸ್ಟಾಟ್ ಅಂದರೆ ನಾಣ್ಯದಷ್ಟಗಲದ ಒಂದು ಬಿಲ್ಲೆ. ಒಳಗೆ ಎರಡು ಬಗೆಯ ಲೋಹವನ್ನು ಬೆಸೆದ, ಸ್ವಲ್ಪ ಗುಳಿಬಿದ್ದ ತಗಡು. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಗೊತ್ತಾದ ಬಿಸಿಗೆ ತಗಡು ಟಿಕ್ಕೆಂದು ಮಗುಚಿಕೊಂಡು, ಸಣ್ಣ ಪಿಂಗಾಣಿ ಕಡ್ಡಿಯನ್ನು ನೂಕಿ ಕಾಂಟ್ಯಾಕ್ಟ್ ಬಿಡಿಸುತ್ತದೆ. ಇದರಲ್ಲಿ ಸ್ಕ್ರೂ ತಿರುಗಿಸಿ ಹೆಚ್ಚುಕಮ್ಮಿ ಮಾಡುವಂಥದ್ದು ಏನೂ ಇಲ್ಲ. ಡಿಗ್ರಿ ಹುಟ್ಟಿನಿಂದಲೇ ಬಂದದ್ದು, ಬಿಲ್ಲೆಯ ಬದಿಯಲ್ಲಿ ಅಚ್ಚಾಗಿರುತ್ತದೆ. 65ರದ್ದೂ 85ರದ್ದೂ ನೋಡಲು ಅವಳಿಜವಳಿ.

ಮೊದಲ ರಿಪೇರಿ

ಜೂನ್ ಕೊನೆಯ ವಾರದಲ್ಲಿ ಬಿಸಿ ಪೂರ್ತಿ ನಿಂತಿತು. ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿ ಹೀಟರ್ ನೋಡಿದರು, ಸರಿ ಇತ್ತು. ಮೂರೂ ಕಾವಲುಗಳಿಗೆ, ಕರೆಂಟಿಗೆ ದಾರಿಯಿದ್ದರೆ ಕೂಗುವ ಮೀಟರಿನ ಬೀಪ್ ಇಟ್ಟು ನೋಡಿದರು. ಎರಡು ಕೂಗಿದವು, ಫ್ಯಾನ್ ಗೂಡಿನದು ಕೂಗಲಿಲ್ಲ. ಕೋಣೆಯ ತಂಪಿನಲ್ಲಿ ಕೂಗಲೇಬೇಕಾದ ಥರ್ಮೋಸ್ಟಾಟ್ ಕೂಗದಿದ್ದರೆ ಅದು ಹೋಗಿದೆ. ಇಷ್ಟರ ತನಕ ಅವರ ಕೆಲಸದಲ್ಲಿ ಕುಂದಿಲ್ಲ.

ಚೀಲದಿಂದ ಅದೇ ಅಳತೆಯ ಬಿಲ್ಲೆ ತೆಗೆದು, ವಯರಿನ ತುದಿಯ ಹಳೆಯ ಲಗ್ಗುಗಳನ್ನೇ (ಸಿಕ್ಕಿಸುವ ಲೋಹದ ಹಿಡಿಗಳನ್ನೇ) ಅದಕ್ಕೆ ತಳ್ಳಿ, ಸ್ಕ್ರೂ ಬಿಗಿದು, ಬಿಸಿ ಗಾಳಿ ಬರುವುದನ್ನು ಕೈಯಿಟ್ಟು ತೋರಿಸಿ ಹೊರಟರು. ಅರ್ಧ ಗಂಟೆಯ ಕೆಲಸ. ಹಾಕಿದ ಬಿಲ್ಲೆ 85 ಡಿಗ್ರಿಯದು. ಬಿಚ್ಚಿದ್ದು 65ರದ್ದು. ಹೊರಡುವಾಗ ಮನೆಯಾಕೆ "ಹಳೇದು ಇಲ್ಲೇ ಇರಲಿ ಅಣ್ಣ" ಎಂದು ಇಸಿದುಕೊಂಡು ಡ್ರಾವರಿನಲ್ಲಿ ಹಾಕಿದ್ದರು. ಆ ಅಭ್ಯಾಸವೇ ಮುಂದೆ ದಾರಿ ತೋರಿಸಿತು.

ಮುಂದಿನ ದಿನಗಳಲ್ಲಿ ಬಟ್ಟೆ ಮೊದಲಿಗಿಂತ ಸ್ವಲ್ಪ ಬೇಗ ಒಣಗಿತು, ತೆಗೆಯುವಾಗ ಕೈ ಸುಡುವಷ್ಟು ಬಿಸಿ. ಮಗುವಿನ ಚಡ್ಡಿಗಳ ಇಲಾಸ್ಟಿಕ್ ಸಡಿಲಾದದ್ದು, ಒಂದು ಶರ್ಟಿನ ಪ್ಲಾಸ್ಟಿಕ್ ಗುಂಡಿ ಸೊಟ್ಟಗಾದದ್ದು ಮನೆಯಾಕೆಯ ಕಣ್ಣಿಗೆ ಬಿದ್ದಿತ್ತು. ಅವರು ಅದನ್ನು ಬಟ್ಟೆಯ ಕ್ವಾಲಿಟಿಯ ಲೆಕ್ಕಕ್ಕೆ ಹಾಕಿದರು. ಡ್ರೈಯರ್ ರಿಪೇರಿಯಾದ ವಾರದಲ್ಲೇ ಇಲಾಸ್ಟಿಕ್ ಸಡಿಲಾದರೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ.

ರಿಪೇರಿಯಾದ ಹನ್ನೊಂದನೆಯ ಸಂಜೆ ಗಾಳಿಮಳೆಗೆ ಕರೆಂಟು ಹೋಯಿತು. ಡ್ರೈಯರ್ ಓಡುತ್ತಿತ್ತು. ಇಪ್ಪತ್ತು ನಿಮಿಷದ ಮೇಲೆ ಕರೆಂಟು ಬಂತು, ಡ್ರಮ್ ತಿರುಗಿತು, ಬಿಸಿ ಬರಲಿಲ್ಲ.

ಡೈರೆಕ್ಟ್ ಮಾಡುವುದೋ ಬೇಡವೋ

ಅದೇ ಮೆಕ್ಯಾನಿಕ್ ಮತ್ತೆ ಬಂದರು. ಈ ಸಲ ಕೂಗದಿದ್ದದ್ದು ಥರ್ಮಲ್ ಫ್ಯೂಸ್. ಆ ಪಾರ್ಟ್ ಅವರ ಚೀಲದಲ್ಲಿರಲಿಲ್ಲ. "ಈಗ ಡೈರೆಕ್ಟ್ ಮಾಡಿ ಕೊಡುವಾ ಅಕ್ಕ, ಪಾರ್ಟ್ ಬಂದ ಮೇಲೆ ಹಾಕಿದ್ರಾಯ್ತು. ಮಗು ಇರುವ ಮನೆ ಅಲ್ವಾ, ಬಟ್ಟೆ ಒಣಗ್ಬೇಕಲ್ಲ" ಎಂದರು. ಸದುದ್ದೇಶದ ಮಾತೇ. ಫ್ಯೂಸಿನ ಎರಡು ವಯರ್ ಸೇರಿಸಿ ಟೇಪು ಸುತ್ತುವುದು ಎರಡು ನಿಮಿಷದ ಕೆಲಸ.

ಮನೆಯಾಕೆ ಒಂದೇ ಪ್ರಶ್ನೆ ಕೇಳಿದರು: "ಅದು ಎಂತಕ್ಕೆ ಹೋಯ್ತು ಅಂತ ಗೊತ್ತುಂಟಾ?" ಮೆಕ್ಯಾನಿಕ್ ಬಳಿ ಉತ್ತರ ಇರಲಿಲ್ಲ. ಹಾಗಾದರೆ ಬೇಡ ಎಂದು ಮನೆಯಾಕೆ ಹೇಳಿದರು. ಆರು ದಿನ ಮನೆಯೊಳಗೆ ಹಗ್ಗ ಕಟ್ಟಿ ಫ್ಯಾನಿನ ಕೆಳಗೆ ಬಟ್ಟೆ ಹರವಿದರು.

ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದೇ. ಗಾಳಿಯ ದಾರಿ ಕಟ್ಟಿದ (ಅದು ಆಮೇಲೆ ತಿಳಿಯಿತು), 85 ಡಿಗ್ರಿಯ ಬಿಲ್ಲೆ ಹೊತ್ತ ಡ್ರೈಯರಿನ ಕೊನೆಯ ಕಾವಲನ್ನೂ ತೆಗೆದಿದ್ದರೆ ಹೀಟರಿಗೂ ಜುಂಗಿಗೂ (ಬಟ್ಟೆಯಿಂದ ಉದುರುವ ನೂಲಿನ ಧೂಳಿಗೂ) ನಡುವೆ 120ರ ಒಂದು ಬಿಲ್ಲೆ ಮಾತ್ರ ಉಳಿಯುತ್ತಿತ್ತು. ಈ ಬಗೆಯ ಬಿಲ್ಲೆಗಳ ಕಾಂಟ್ಯಾಕ್ಟು ಕೆಡುವ ರೀತಿ ಎರಡು: ಸುಟ್ಟು ತೆರೆದೇ ಇರುವುದು, ಇಲ್ಲವೇ ಬೆಸೆದುಕೊಂಡು ಮುಚ್ಚಿಯೇ ಇರುವುದು. ಎರಡನೆಯದಾದರೆ ಹೀಟರನ್ನು ತಡೆಯುವವರು ಯಾರೂ ಇಲ್ಲ. ಡ್ರಮ್ಮಿನ ಹಿಂದೆ ಕೂತ ಒಣ ಬಟ್ಟೆಯ ಜುಂಗು ಬೆಂಕಿಗೆ ತೆಂಗಿನ ಸೋಗೆಯ ಹಾಗೆ. ಥರ್ಮಲ್ ಫ್ಯೂಸನ್ನು ಒಂದು ಲೋಡಿನ ಮಟ್ಟಿಗೂ ಡೈರೆಕ್ಟ್ ಮಾಡಬಾರದು. ಪರೀಕ್ಷೆಗೆಂದು ಮಾಡಿದ ಡೈರೆಕ್ಟ್ ಕನೆಕ್ಷನ್ ವರ್ಷಗಟ್ಟಲೆ ಹಾಗೇ ಉಳಿದ ಮನೆಗಳು ಬೇಕಷ್ಟುಂಟು.

ಎರಡನೆಯ ತಪಾಸಣೆ

ಪಾರ್ಟ್ ತಂದದ್ದು ಬೇರೊಬ್ಬ ಮೆಕ್ಯಾನಿಕ್. ಅವರು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಹಳೆಯ ಪಾರ್ಟ್ ಉಂಟಾ ಎಂದು ಕೇಳಿದರು. ಡ್ರಾವರಿನ ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬದಿಯ ಅಂಕೆ ಓದಿದರು: 65. ಯಂತ್ರದಲ್ಲಿ ಕೂತದ್ದನ್ನು ಓದಿದರು: 85. ಆಮೇಲೆ ಹಳೆಯದರ ಎರಡು ಟ್ಯಾಬುಗಳನ್ನು, ಅಂದರೆ ಲಗ್ಗು ಕೂರುವ ತಗಡಿನ ಕಾಲುಗಳನ್ನು, ನೋಡಿದರು. ಒಂದು ಹೊಳೆಯುತ್ತಿತ್ತು, ಇನ್ನೊಂದು ಕಂದುಗಪ್ಪು. ಬಿಲ್ಲೆಯ ಪ್ಲಾಸ್ಟಿಕ್ ಮೈ ಆ ಒಂದು ಬದಿಯಲ್ಲಿ ಮಾತ್ರ ಸುಟ್ಟು ಬೆಳ್ಳಗೆ ಗುಳ್ಳೆಯೆದ್ದಿತ್ತು.

ಗಾಳಿಯ ಬಿಸಿಗೆ ಕೆಟ್ಟಿದ್ದರೆ ಎರಡೂ ಬದಿ ಒಂದೇ ಥರ ಇರಬೇಕು. ಒಂದೇ ಬದಿ ಸುಟ್ಟರೆ ಬಿಸಿ ಬಂದದ್ದು ಆ ಬದಿಯ ವಯರಿನ ಲಗ್ಗಿನಿಂದ.

ಪ್ಲಗ್ ಕಿತ್ತರು. ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೆಯ ವಯರಿಂಗಿನಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲನ್ನು ಕತ್ತರಿಸುವುದುಂಟು. ಪ್ಲಗ್ ಕಿತ್ತ ಮೇಲೂ ಕರೆಂಟು ಹಿಡಿದಿಟ್ಟುಕೊಳ್ಳುವ ಮೋಟರಿನ ಕಂಡೆನ್ಸರ್ ಮುಟ್ಟುವ ಕೆಲಸವಿದ್ದರೆ ಅದನ್ನು ಡಿಸ್ಚಾರ್ಜ್ ಮಾಡಿಕೊಳ್ಳಬೇಕು. ಮುಚ್ಚಳ ತೆಗೆದೊಡನೆ ಮೊಬೈಲಿನಲ್ಲಿ ಎರಡು ಕೋನದಿಂದ ವಯರಿನ ಫೋಟೋ ತೆಗೆದು, ಬಿಚ್ಚುವ ಪ್ರತಿ ವಯರಿಗೂ ಟೇಪಿನ ಚೀಟಿ ಅಂಟಿಸಿದರು.

85ರ ಬಿಲ್ಲೆಯಿಂದ ಲಗ್ಗು ಕೀಳುವಾಗ ಒಂದಕ್ಕೆ ಇಕ್ಕಳ ಬೇಕಾಯಿತು, ಇನ್ನೊಂದು ಬೆರಳಿಗೇ ಬಂತು. ಬೆರಳಿಗೆ ಬಂದದ್ದೇ ಕಂದಿದ ಬದಿ. ಹೊಸ ಟ್ಯಾಬಿನ ಮೇಲೂ ಹನ್ನೊಂದು ದಿನದಲ್ಲಿ ಕಂದು ಛಾಯೆ ಹಬ್ಬಿತ್ತು. ಮೀಟರಿನ ವಯರುಗಳ ತುದಿಯ ಮುಳ್ಳುಗಳನ್ನು ಒಂದಕ್ಕೊಂದು ತಾಗಿಸಿ ಅವುಗಳದ್ದೇ 0.2 ಓಮ್ ಗುರುತಿಸಿಕೊಂಡು, ಲಗ್ಗನ್ನು ಮತ್ತೆ ತೂರಿಸಿ, ವಯರಿನ ತಾಮ್ರದಿಂದ ಟ್ಯಾಬಿನ ತನಕ ಅಳೆದರು. ಆ 0.2 ಕಳೆದ ಮೇಲೆ ಅರ್ಧ ಓಮ್, ವಯರ್ ಅಲ್ಲಾಡಿಸಿದರೆ ಹೆಚ್ಚುಕಡಿಮೆ.

ಅರ್ಧ ಓಮಿಗೆ ಮೀಟರಿನ ಬೀಪ್ ಆರಾಮಾಗಿ ಕೂಗುತ್ತದೆ. ಹೆಚ್ಚಿನ ಮೀಟರುಗಳು ಮೂವತ್ತು ಓಮಿನ ಆಸುಪಾಸಿನ ತನಕವೂ ಕೂಗುತ್ತವೆ. ಬೀಪ್ ಹೇಳುವುದು ದಾರಿ ಉಂಟೋ ಇಲ್ಲವೋ ಎಂಬುದನ್ನು, ದಾರಿ ಎಷ್ಟು ಇಕ್ಕಟ್ಟು ಎಂಬುದನ್ನಲ್ಲ. ಹೀಟರ್ 26.4 ಓಮ್, ಹರಿಯುವ ಕರೆಂಟು 8.5 ಆಂಪಿಯರಿನಷ್ಟು. ಅಷ್ಟು ಕರೆಂಟು ಅರ್ಧ ಓಮಿನಲ್ಲಿ ಹರಿದರೆ ಆ ಬಿಂದುವಿನಲ್ಲಿ 36 ವ್ಯಾಟ್ ಬಿಸಿ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಬಿಸಿಯಾದ ಒಂದು ಕಡ್ಡಿಯನ್ನು ಥರ್ಮೋಸ್ಟಾಟಿನ ಕಾಲಿಗೆ ಒತ್ತಿ ಹಿಡಿದ ಹಾಗೆ. ಬಿಲ್ಲೆಗೆ ಗಾಳಿ ಬಿಸಿಯೋ ತನ್ನ ಕಾಲು ಬಿಸಿಯೋ ಗೊತ್ತಾಗುವುದಿಲ್ಲ. ಬೇಗ ಬೇಗ ಕತ್ತರಿಸುತ್ತದೆ, ಕಾಂಟ್ಯಾಕ್ಟಿನ ಸ್ಪ್ರಿಂಗ್ ಮೆತ್ತಗಾಗುತ್ತದೆ, ಕೊನೆಗೆ ಸುಡುತ್ತದೆ.

ಲಗ್ಗು ಸಡಿಲಾಗಲು ಕಾರಣ ಹುಡುಕಬೇಕಾಗಿಲ್ಲ. ಕಡಲಿನ ಉಪ್ಪುಗಾಳಿ, ಏಳು ತಿಂಗಳ ವಿಶ್ರಾಂತಿ. ದಿನಾ ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಸುಮ್ಮನೆ ಕೂತ ಯಂತ್ರದ ಹಿತ್ತಾಳೆ ಲಗ್ಗಿಗೆ ಹಸಿರು ಹಿಡಿಯುತ್ತದೆ. ಜೂನಿನಲ್ಲಿ ಮೊದಲ ಸಲ ಹಾಕಿದಾಗ ಆ ಹಸಿರಿನ ಮೂಲಕವೇ ಎಂಟು ಆಂಪಿಯರ್ ನುಗ್ಗಬೇಕು. ಮೊದಲ ಮೆಕ್ಯಾನಿಕ್ ಅದೇ ಲಗ್ಗನ್ನು ಹೊಸ ಟ್ಯಾಬಿಗೆ ತಳ್ಳಿದಾಗ ಉಜ್ಜಿ ಕೂತದ್ದರಿಂದ ಕೆಲವು ದಿನ ತಣ್ಣಗಿತ್ತು, ಅಷ್ಟೆ.

ಜೋಡಣೆ

ಹೊಸ 65ರ ಬಿಲ್ಲೆಯನ್ನು ಕೂರಿಸುವ ಮೊದಲು ಅಡುಗೆಮನೆಯಲ್ಲೇ ಪರೀಕ್ಷೆ ನಡೆಯಿತು. ಬಿಲ್ಲೆಗೆ ಎರಡು ವಯರ್ ಸಿಕ್ಕಿಸಿ, ತೆಳು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಗಾಳಿ ತೆಗೆದು, ಲೋಹದ ಮೈ ನೀರಿನ ಕಡೆಗಿರುವಂತೆ ಬಿಸಿನೀರಿನ ಚೆಂಬಿನಲ್ಲಿ ಇಳಿಬಿಟ್ಟರು. ಪಕ್ಕದಲ್ಲಿ ಅಡುಗೆಯ ಥರ್ಮಾಮೀಟರ್. ಚೆಂಬನ್ನು ಸಣ್ಣ ಉರಿಯಲ್ಲಿ ಏರಿಸಿದಾಗ 67ಕ್ಕೆ ಟಿಕ್ಕೆಂದು ಬಿಟ್ಟಿತು, ತಣಿಯಲು ಬಿಟ್ಟಾಗ 52ಕ್ಕೆ ಮತ್ತೆ ಕೂಡಿತು. ಇಂಥ ಬಿಲ್ಲೆಗಳಲ್ಲಿ ಐದು ಡಿಗ್ರಿ ಆಚೀಚೆ ಇರುವುದು ಸಹಜ. ಉರಿ ಜೋರಿದ್ದರೆ ನೀರು ಮುಂದೆ ಓಡಿ ಬಿಲ್ಲೆ ಹಿಂದೆ ಬೀಳುತ್ತದೆ, ಅಂಕೆ ತಪ್ಪುತ್ತದೆ.

ಕೂರಿಸುವಲ್ಲಿ ಎರಡು ಸೂಕ್ಷ್ಮ. ಬಿಲ್ಲೆಯ ಲೋಹದ ಮೈ ಗೂಡಿನ ತಗಡಿಗೆ ಪೂರ್ತಿ ಅಂಟಿ ಕೂರಬೇಕು. ನಡುವೆ ಕಾಗದದಷ್ಟು ಜುಂಗಿನ ಪದರವಿದ್ದರೂ ಅದು ಗಾಳಿಯ ಬಿಸಿಯನ್ನು ತಡವಾಗಿ ಅರಿಯುತ್ತದೆ, 65ರದ್ದು 75ರ ಹಾಗೆ ನಡೆದುಕೊಳ್ಳುತ್ತದೆ. ಅಂಚನ್ನು ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿದರು. ಎರಡನೆಯದು, ಬಿಲ್ಲೆಯ ನಡುವನ್ನು ಹೆಬ್ಬೆರಳಿನಿಂದ ಒತ್ತಬಾರದು. ಕೂರಿಸುವ ಆತುರದಲ್ಲಿ ಒತ್ತಿದರೆ ಒಳಗಿನ ತಗಡಿನ ಗುಳಿ ಕೆಡುತ್ತದೆ, ಹೊಸದೇ ಹಳತಾಗುತ್ತದೆ. ಒತ್ತುವುದಾದರೆ ಸ್ಕ್ರೂ ಕೂರುವ ಕಿವಿಗಳ ಮೇಲೆ.

ಕಂದಿದ ಲಗ್ಗಿನ ವಯರನ್ನು ಹೊಳೆಯುವ ತಾಮ್ರ ಸಿಗುವ ತನಕ, ಮೂರು ಬೆರಳಿನಷ್ಟು, ಕತ್ತರಿಸಿದರು. ಜೋಡಿಸಿದ್ದು ಬಿಸಿ ತಾಳುವ ಸಿಲಿಕೋನ್ ವಯರ್. ಮನೆ ವಯರಿಂಗಿನ ಸಾಮಾನ್ಯ ಪಿವಿಸಿ 70 ಡಿಗ್ರಿಯ ಮೇಲೆ ಮೆತ್ತಗಾಗುತ್ತದೆ, ಹೀಟರಿನ ಹತ್ತಿರ ಅದಕ್ಕೆ ಜಾಗವಿಲ್ಲ. 6.3 ಮಿಲಿಮೀಟರಿನ ಹೊಸ ಲಗ್ಗನ್ನು ಕ್ರಿಂಪಿಂಗ್ ಇಕ್ಕಳದಲ್ಲೇ ಒತ್ತಿದರು. ಸಾಮಾನ್ಯ ಇಕ್ಕಳದಲ್ಲಿ ಚಪ್ಪಟೆ ಮಾಡಿದರೆ ನೋಡಲು ಗಟ್ಟಿ, ಆರು ತಿಂಗಳಿಗೆ ಮತ್ತೆ ಸಡಿಲ. ಈಯ ಹಾಕುವುದೂ ಬೇಡ, ಬಿಸಿಯಾಗುವ ಜಾಗದಲ್ಲಿ ಈಯದ ಬೆಸುಗೆ ನಂಬಿಕೆಗಲ್ಲ. ಮತ್ತೆ ಅಳೆದಾಗ ಮುಳ್ಳುಗಳ 0.2 ಬಿಟ್ಟು ಬೇರೇನೂ ಕಾಣಲಿಲ್ಲ. ಉಳಿದ ಲಗ್ಗುಗಳನ್ನೂ ಒಂದೊಂದಾಗಿ ಕಿತ್ತು, ಉಜ್ಜಿ, ಬಿಗಿದರು. ಹೊಸ ಫ್ಯೂಸ್ ಹಾಕಿದರು. ಹೀಟರಿನ ಎರಡೂ ತುದಿಯಿಂದ ಯಂತ್ರದ ಲೋಹದ ಮೈಗೆ 20 ಮೆಗಾಓಮಿನ ರೇಂಜಿನಲ್ಲಿ ನೋಡಿದರು, ಮೀಟರ್ ಏನೂ ತೋರಿಸಲಿಲ್ಲ, ಅಂದರೆ ಕರೆಂಟು ಸೋರುತ್ತಿಲ್ಲ. ನೆಲ ಸದಾ ಒದ್ದೆಯಿರುವ ಯುಟಿಲಿಟಿಯಲ್ಲಿ ಈ ಪರೀಕ್ಷೆ ಬಿಡುವಂತಿಲ್ಲ.

ಕೆಲಸ ಮುಗಿಯಲಿಲ್ಲ

ಇಲ್ಲಿಗೆ ಮುಚ್ಚಳ ಹಾಕಿ ಹೊರಟಿದ್ದರೆ ಯಾರೂ ದೂರುತ್ತಿರಲಿಲ್ಲ. ಕೆಟ್ಟ ಪಾರ್ಟ್ ಹೋಯಿತು, ಸರಿಯಾದ ಪಾರ್ಟ್ ಬಂತು, ಬಿಸಿ ಬಂತು. ಆದರೆ ಲಗ್ಗಿನ ಕತೆಯಿಂದ ಮೊದಲ ಬಿಲ್ಲೆ ಕೆಟ್ಟದ್ದು ಅರ್ಥವಾಗುತ್ತದೆಯೇ ಹೊರತು ಫ್ಯೂಸ್ ಹೋದದ್ದಲ್ಲ. ಫ್ಯೂಸ್ ಇರುವುದು ಇನ್ನೊಂದು ಮೂಲೆಯಲ್ಲಿ, ಹೀಟರಿನ ಪೆಟ್ಟಿಗೆಯ ಮೇಲೆ. ಆ ಪೆಟ್ಟಿಗೆ ಬೇರೆಯೇ ಕಾರಣಕ್ಕೆ ಕಾದಿರಬೇಕು.

ಒದ್ದೆ ಬಟ್ಟೆ ಹಾಕಿ, ಫೇಸ್ ವಯರಿಗೆ, ಹರಿಯುವ ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಸಿಕ್ಕಿಸಿ ಓಡಿಸಿದರು. ಹೀಟರ್ ಮೋಟರ್ ಸೇರಿ 9.3 ಆಂಪಿಯರ್. ಎರಡು ನಿಮಿಷಕ್ಕೆ ಅದು ಒಂದು ಆಂಪಿಯರಿಗೆ ಬಿತ್ತು: ಹೀಟರ್ ಆಫ್. ನಾಲ್ಕು ನಿಮಿಷದ ಮೇಲೆ ಮತ್ತೆ ಆನ್. ಮೂರನೆಯ ಒಂದು ಪಾಲು ಹೊತ್ತು, ಜೂನಿನ ಲೆಕ್ಕ ಹೇಳಿದ ಹಾಗೆಯೇ.

ಕತ್ತರಿಸುತ್ತಿರುವವರು ಯಾರು? ಮುಂದಿನ ಸಲ ಕರೆಂಟು ಬಿದ್ದ ಕ್ಷಣ ಪ್ಲಗ್ ಕಿತ್ತು ತಕ್ಷಣ ಮೀಟರ್ ಇಟ್ಟರು. 65ರದ್ದು ಕೂಡಿಕೊಂಡೇ ಇತ್ತು, 120ರದ್ದು ಬಿಟ್ಟಿತ್ತು. ರೋಗಪತ್ತೆ ಅಲ್ಲಿಗೆ ಮುಗಿಯಿತು. ಒದ್ದೆ ಬಟ್ಟೆಯಿರುವಾಗ ಹೊರಹೋಗುವ ಗಾಳಿ ತಂಪಾಗಿಯೇ ಇರುತ್ತದೆ, ಬಿಸಿಯೆಲ್ಲ ನೀರು ಆವಿಯಾಗಲು ಖರ್ಚಾಗುತ್ತದೆ. ಆ ಹೊತ್ತಿನಲ್ಲಿ ಹೀಟರಿನ ಪೆಟ್ಟಿಗೆ 120 ಮುಟ್ಟುತ್ತಿದೆ ಎಂದರೆ ಅಲ್ಲಿನ ಬಿಸಿಯನ್ನು ಒಯ್ಯಲು ಗಾಳಿ ಬರುತ್ತಿಲ್ಲ.

ಹಿಂದಿನ ಪೈಪು ಕಳಚಿ ಅದೇ ಬಟ್ಟೆಯಲ್ಲಿ ಓಡಿಸಿದರು. ಹದಿನೈದು ನಿಮಿಷ ಕಾದರೂ ಕರೆಂಟು ಇಳಿಯಲಿಲ್ಲ. ಗಾಳಿ ಕಟ್ಟಿದ್ದು ಪೈಪಿನಲ್ಲೇ.

ಹೊರಗಿನ ಜಾಲರಿ ಬಿಚ್ಚಿದಾಗ ತೂತುಗಳೇ ಕಾಣಲಿಲ್ಲ. ಜುಂಗು ಆವಿಯಲ್ಲಿ ನೆನೆದು ಬೂದು ಬಣ್ಣದ ಕಂಬಳಿ ತುಂಡಿನಂತೆ ಹೆಪ್ಪುಗಟ್ಟಿತ್ತು, ಉಗುರಿಗೆ ಸಿಕ್ಕಿ ಇಡಿಯಾಗಿ ಎದ್ದು ಬಂತು. ಪೈಪಿನ ಜೋತುಬಿದ್ದ ಹೊಟ್ಟೆಯನ್ನು ಬಕೆಟಿಗೆ ಬಗ್ಗಿಸಿದಾಗ ಎರಡು ಲೋಟದಷ್ಟು ನೀರು ಸುರಿಯಿತು. ಐವತ್ತು ಡಿಗ್ರಿಯ ತೇವದ ಗಾಳಿ 27 ಡಿಗ್ರಿಯ ಪೈಪಿನೊಳಗೆ ನಾಲ್ಕೂವರೆ ಮೀಟರ್ ಹೋಗುವಷ್ಟರಲ್ಲಿ ಬೆವರುತ್ತದೆ, ಬೆವರು ಹೊಟ್ಟೆಯಲ್ಲಿ ನಿಲ್ಲುತ್ತದೆ, ನಿಂತ ನೀರು ಗಾಳಿಯ ದಾರಿಯನ್ನು ಇನ್ನಷ್ಟು ಕಟ್ಟುತ್ತದೆ. ಒಂದೂಕಾಲು ಮೀಟರಿನ ನೇರ ಪೈಪಿನಲ್ಲಿ ಇಷ್ಟು ಬೆವರಲು ವ್ಯವಧಾನವೇ ಇರುವುದಿಲ್ಲ.

ಡಿಸೆಂಬರಿನ ಕೆಲಸ ಜೂನ್ ತನಕ ಯಾರ ಗಮನಕ್ಕೂ ಬಾರದ್ದು ಏಕೆ ಎಂಬುದೂ ಈಗ ತಿಳಿಯಿತು. ನಡುವೆ ಡ್ರೈಯರ್ ಹಾಕಿಯೇ ಇರಲಿಲ್ಲ. ಜೂನಿನಲ್ಲಿ ನಿಧಾನವಾದಾಗ ಸ್ಲೈಡಿಂಗ್ ಹಾಕಿಸಿದ್ದು ಮರೆತೇ ಹೋಗಿತ್ತು, ಮಳೆ ಕಣ್ಣೆದುರಿಗಿತ್ತು.

ಹನ್ನೊಂದನೆಯ ಸಂಜೆಯ ಒಗಟೂ ಬಿಡಿಸಿತು. ಗಾಳಿ ಕಟ್ಟಿ ಪೆಟ್ಟಿಗೆ ಮೊದಲೇ 120ರ ಹತ್ತಿರ. ಬಟ್ಟೆ ಒಣಗುತ್ತ ಬಂದಾಗ 65ಕ್ಕೆ ತಡೆಯಬೇಕಾದ ಬಿಲ್ಲೆಯ ಜಾಗದಲ್ಲಿ 85ರದ್ದು. ಅಂಥ ಹೊತ್ತಿನಲ್ಲಿ ಕರೆಂಟು ಹೋಯಿತು. ಹೀಟರ್ ಆರಿತು, ಆದರೆ ಫ್ಯಾನೂ ನಿಂತಿತು. ಕೆಂಪಗೆ ಕಾದ ತಂತಿಯ ಬಿಸಿಗೆ ಹೋಗಲು ದಾರಿಯಿಲ್ಲದೆ ಪೆಟ್ಟಿಗೆಯ ತಗಡಿಗೆ ಏರಿತು, ಫ್ಯೂಸ್ ಹೋಯಿತು. ಟೈಮರಿನ ಕೊನೆಯ ಹತ್ತು ನಿಮಿಷ ಬಿಸಿಯಿಲ್ಲದೆ ಫ್ಯಾನ್ ಮಾತ್ರ ಓಡುವಂತೆ ಯಂತ್ರ ಕಟ್ಟುವುದು ಇದೇ ಕಾರಣಕ್ಕೆ. ನಡುವೆ ಬಾಗಿಲು ತೆಗೆದು "ಒಣಗಿತಾ" ಎಂದು ನೋಡುವುದೂ ಫ್ಯೂಸಿನ ಮಟ್ಟಿಗೆ ಕರೆಂಟು ಹೋದದ್ದಕ್ಕೆ ಸಮ. ಗಾಳಿ ಸಲೀಸಾಗಿ ಹರಿಯುವ, ಸರಿಯಾದ ಬಿಲ್ಲೆಯಿರುವ ಡ್ರೈಯರ್ ಇಂಥ ಹತ್ತು ಪವರ್‌ಕಟ್ಟು ತಾಳಿಕೊಳ್ಳುತ್ತದೆ. ಈ ಮನೆಯಲ್ಲೇ ಹಿಂದಿನ ಆರು ಮಳೆಗಾಲ ತಾಳಿಕೊಂಡಿತ್ತು. ಕರೆಂಟು ಹೋದಾಗ ಬಿಸಿ ಬಟ್ಟೆಯನ್ನು ರಾಶಿಯಾಗಿ ಒಳಗೇ ಬಿಡಬಾರದು, ತೆಗೆದು ಹರವಬೇಕು. ಎಣ್ಣೆ ಕುಡಿದ ಬೈರಾಸು, ಒಲೆ ಒರೆಸಿದ ಬಟ್ಟೆಗಳನ್ನಂತೂ ಡ್ರೈಯರಿಗೆ ಹಾಕಲೇಬಾರದು.

ಕೊನೆಗೆ ಮಾಡಿದ್ದು

ಸ್ಲೈಡಿಂಗಿನ ಅಲ್ಲಾಡದ ಗಾಜಿನ ಒಂದು ಪಟ್ಟಿ ತೆಗೆಸಿ ಅಲ್ಲಿಗೆ ಅಕ್ರಿಲಿಕ್ ಶೀಟು ಕೂರಿಸಿ ನಾಲ್ಕಿಂಚಿನ ತೂತು ಕೊರೆಸಿದರು. ಪೈಪು ಮತ್ತೆ 1.2 ಮೀಟರಿಗೆ ಬಂತು, ತಿರುವು ಒಂದೇ, ಹೊರಗಿನ ಕಡೆಗೆ ಸ್ವಲ್ಪ ಇಳಿಜಾರು. ಸೊಳ್ಳೆಯ ಪ್ರಶ್ನೆಗೆ ಜಾಲರಿಯ ಬದಲು ಗಾಳಿಯ ಒತ್ತಡಕ್ಕೆ ತೆರೆದು ತಾನಾಗಿ ಮುಚ್ಚುವ ರೆಕ್ಕೆಗಳ ಮುಚ್ಚಳ ಹಾಕಿದರು. ಮನೆಯ ಹಿರಿಯರಿಗೆ ಇದು ಅಷ್ಟು ಒಪ್ಪಿಗೆಯಾಗಲಿಲ್ಲ. ರೆಕ್ಕೆಯ ಸಂದಿಯಲ್ಲಿ ಸೊಳ್ಳೆ ಬಾರದು ಎಂದು ಪೂರ್ತಿ ಭರವಸೆ ಕೊಡುವಂತೆಯೂ ಇಲ್ಲ. ಡ್ರೈಯರಿನ ಬಾಯಿಗೆ ಜಾಲರಿ ಇರಕೂಡದು ಎಂಬುದರಲ್ಲಿ ಮಾತ್ರ ರಾಜಿಯಿಲ್ಲ.

ಆಮೇಲಿನ ಅಳತೆ: ಮೂರು ಕಿಲೋ ಬಟ್ಟೆಗೆ ಒಂದು ಗಂಟೆ ಹತ್ತು ನಿಮಿಷ. ಮೊದಲ ನಲವತ್ತು ನಿಮಿಷ ಹೀಟರ್ ಹೆಚ್ಚುಕಡಿಮೆ ಎಡೆಬಿಡದೆ ಉರಿಯುತ್ತದೆ, ಬಟ್ಟೆ ಒಣಗುತ್ತ ಬಂದ ಹಾಗೆ 65ರ ಬಿಲ್ಲೆ ತನ್ನ ಕೆಲಸ ಶುರು ಮಾಡುತ್ತದೆ. ಪೈಪಿನ ಬಾಯಲ್ಲಿ ಥರ್ಮಾಮೀಟರ್ 66 ದಾಟಲಿಲ್ಲ. ಹೆಚ್ಚಿನ ಹತ್ತು ನಿಮಿಷದ ಕಾರಣ ವೋಲ್ಟೇಜ್. ಸಂಜೆ ಆ ಮನೆಯಲ್ಲಿ 218 ಬರುತ್ತದೆ, ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರಿಗೆ) ತಕ್ಕಂತೆ ಹೀಟರಿನ ಬಿಸಿ ಇಳಿಯುವುದರಿಂದ 2000 ವ್ಯಾಟಿನದು 1800 ಆಗುತ್ತದೆ. ಬೆಳಿಗ್ಗೆ ಹಾಕಿದರೆ ಒಂದೇ ಗಂಟೆ.

85ರ ಬಿಲ್ಲೆ ಈಗ ಹಳೆಯ 65ರದರ ಜೊತೆ ಅದೇ ಡ್ರಾವರಿನಲ್ಲಿದೆ. ಡ್ರೈಯರಿನ ಹಿಂದಿನ ಮುಚ್ಚಳದ ಒಳಮೈಯಲ್ಲಿ ಎರಡನೆಯ ಮೆಕ್ಯಾನಿಕ್ ಮಾರ್ಕರಿನಿಂದ ಬರೆದಿಟ್ಟಿದ್ದಾರೆ: ಫ್ಯಾನ್ 65, ಹೀಟರ್ 120, ಅದರ ಕೆಳಗೆ ಹೀಟರ್ 26.4 ಓಮ್, ತಾರೀಕು. ಮುಂದಿನ ಮೇ ಕೊನೆಗೆ, ಮೊದಲ ಮಳೆಗೆ ಮುಂಚೆ, ಲಗ್ಗುಗಳನ್ನು ಮತ್ತೊಮ್ಮೆ ಕಿತ್ತು ನೋಡಲು ಬರುವುದಾಗಿ ಹೇಳಿ ಹೋಗಿದ್ದಾರೆ.